ಪಾಲಿಮರ್ ಮತ್ತು ಕಾಂಪೋಸಿಟ್ ವಸ್ತುಗಳ ತಯಾರಿಕೆ ಹಾಗೂ ಗುಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಬೇರೆ ವಿಭಾಗದ ಎಂಜಿನಿಯರುಗಳು ಮತ್ತು ಕುತೂಹಲದ ಓದುಗರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಒಟ್ಟುಗೂಡಿಸಲಾಗಿದೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಆದರೂ ಬಹುತೇಕ ಉತ್ತರಗಳು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ಈ ವಸ್ತುಗಳ ಗುಣವನ್ನು ಅವುಗಳ ತಯಾರಿಕೆಯಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ.

## ಬುನಾದಿಯ ಪ್ರಶ್ನೆಗಳು

ಕೈಚೀಲ ಮಾಡುವ ಪಾಲಿಥೀನ್‌ನಿಂದಲೇ ಗುಂಡು ತಡೆಯುವ ಕವಚವನ್ನೂ ಮಾಡುತ್ತಾರೆ ಎಂದು ಓದಿದೆ. ನಿಜವೇ?

ನಿಜ. ಎರಡರಲ್ಲೂ ಇರುವುದು ಎಥಿಲೀನ್ ಘಟಕಗಳು ಸಾಲಾಗಿ ಕೂಡಿ ಆದ ಸರಪಳಿಯೇ. ವ್ಯತ್ಯಾಸವಿರುವುದು ಸರಪಳಿಯ ಉದ್ದದಲ್ಲಿ, ಅದಕ್ಕಿಂತ ಮಿಗಿಲಾಗಿ ಸರಪಳಿಗಳು ಮಲಗಿರುವ ರೀತಿಯಲ್ಲಿ. ಚೀಲದ ಹಾಳೆಯಲ್ಲಿ ಸರಪಳಿಗಳು ಬಹುಮಟ್ಟಿಗೆ ಮಡಚಿಕೊಂಡು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಎಳೆದಾಗ ಭಾರವನ್ನು ಹೊರುವುದು ಸರಪಳಿಗಳ ನಡುವಿನ ದುರ್ಬಲ ಆಕರ್ಷಣೆಯೇ ಹೊರತು ಸರಪಳಿಯೊಳಗಿನ ಬಲವಾದ ಇಂಗಾಲ-ಇಂಗಾಲ ಬಂಧವಲ್ಲ. ಹೀಗಾಗಿ ಆ ಹಾಳೆಯ ಯಂಗ್ ಗುಣಾಂಕ, ಅಂದರೆ ಎಳೆತಕ್ಕೆ ಹಿಗ್ಗದೆ ನಿಲ್ಲುವ ಬಿಗಿತದ ಅಳತೆ, ಒಂದು ಗಿಗಾಪಾಸ್ಕಲ್ ಅಥವಾ ಅದಕ್ಕೂ ಕಡಿಮೆ.

1970ರ ದಶಕದ ಕೊನೆಗೆ ನೆದರ್ಲೆಂಡ್ಸ್‌ನ ಡಿಎಸ್ಎಂ ಸಂಸ್ಥೆಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಅವರು ಹತ್ತಾರು ಲಕ್ಷ ಅಣುತೂಕದ ಪಾಲಿಥೀನನ್ನು ದ್ರಾವಕದಲ್ಲಿ ತೆಳುವಾಗಿ ಕರಗಿಸಿ, ಜೆಲ್ ರೂಪದ ಎಳೆಯಾಗಿ ಹೊರತೆಗೆದು, ಬಿಸಿಯಲ್ಲಿ ಅದನ್ನು ಮೊದಲಿನ ಉದ್ದದ ಹತ್ತಾರು ಪಟ್ಟು ಎಳೆದರು. ತೆಳು ದ್ರಾವಣದಲ್ಲಿ ಸರಪಳಿಗಳ ಸಿಕ್ಕು ಕಡಿಮೆಯಾಗಿದ್ದುದರಿಂದಲೇ ಅಷ್ಟು ಉದ್ದಕ್ಕೆ ಎಳೆಯಲು ಸಾಧ್ಯವಾಯಿತು. ಎಳೆದ ಮೇಲೆ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ನೆಟ್ಟಗಾದವು, ಗುಣಾಂಕ 100 ಗಿಗಾಪಾಸ್ಕಲ್ ಆಸುಪಾಸಿಗೆ ಏರಿತು, ಎಳೆತ ತಾಳುವ ಶಕ್ತಿ 3 ಗಿಗಾಪಾಸ್ಕಲ್ ಮುಟ್ಟಿತು. ಇಂದು ಡೈನೀಮಾ ಎಂಬ ಹೆಸರಿನಲ್ಲಿ ಸಿಗುವ ನಾರು ಇದೇ. ಸುಮಾರು 150 °ಸೆ. ಹೊತ್ತಿಗೆ ಕರಗುವುದು ಮತ್ತು ಭಾರವನ್ನು ದೀರ್ಘಕಾಲ ತೂಗುಹಾಕಿದರೆ ನಿಧಾನವಾಗಿ ಉದ್ದವಾಗುತ್ತ ಹೋಗುವುದು ಪಾಲಿಥೀನ್ ಕುಲದ ದೌರ್ಬಲ್ಯಗಳು; ಅವು ಇದರಲ್ಲೂ ಉಳಿದುಕೊಂಡಿವೆ.

ಥರ್ಮೋಪ್ಲಾಸ್ಟಿಕ್, ಥರ್ಮೋಸೆಟ್ ಎಂದು ವಿಂಗಡಿಸುವುದು ಏಕೆ? ಎರಡನ್ನೂ ಬಿಸಿ ಮಾಡಿಯೇ ತಯಾರಿಸುತ್ತಾರಲ್ಲ?

ಬಿಸಿ ಮಾಡಿದಾಗ ಒಳಗೆ ನಡೆಯುವುದು ಬೇರೆ ಬೇರೆ. ಪಾಲಿಪ್ರೊಪಿಲೀನ್, ನೈಲಾನ್, ಪೀಕ್ ಮುಂತಾದ ಥರ್ಮೋಪ್ಲಾಸ್ಟಿಕ್‌ಗಳಲ್ಲಿ ಸರಪಳಿಗಳು ಬಿಡಿಬಿಡಿಯಾಗಿರುತ್ತವೆ. ಕಾಯಿಸಿದರೆ ಹರಿಯುತ್ತವೆ, ತಣಿಸಿದರೆ ಗಟ್ಟಿಯಾಗುತ್ತವೆ, ಮತ್ತೆ ಕಾಯಿಸಿದರೆ ಮತ್ತೆ ಹರಿಯುತ್ತವೆ. ಎಪಾಕ್ಸಿ, ಪಾಲಿಯೆಸ್ಟರ್ ರಾಳ ಅಥವಾ ಲಿಯೋ ಬೇಕ್‌ಲೆಂಡ್ 1907ರಲ್ಲಿ ತಯಾರಿಸಿದ ಬೇಕಲೈಟ್ ಮುಂತಾದ ಥರ್ಮೋಸೆಟ್‌ಗಳಲ್ಲಿ ಬಿಸಿಯು ರಾಸಾಯನಿಕ ಕ್ರಿಯೆಯನ್ನು ನಡೆಸಿ ಸರಪಳಿಗಳ ನಡುವೆ ಶಾಶ್ವತ ಅಡ್ಡಬಂಧಗಳನ್ನು ಕಟ್ಟುತ್ತದೆ. ಇಡೀ ತುಂಡೇ ಒಂದು ಬಲೆಯಾಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಅದು ಮೆತ್ತಗಾಗಬಹುದು, ಕೊನೆಗೆ ಸುಟ್ಟುಹೋಗಬಹುದು, ಹರಿಯುವುದಿಲ್ಲ.

ಕಾರ್ಬನ್ ಫೈಬರ್ ಉಕ್ಕಿಗಿಂತ ಎಷ್ಟೋ ಪಟ್ಟು ಬಲಶಾಲಿ ಎನ್ನುತ್ತಾರೆ. ಹಾಗಿದ್ದರೆ ಎಲ್ಲವನ್ನೂ ಅದರಿಂದಲೇ ಏಕೆ ಮಾಡುವುದಿಲ್ಲ?

ಜಾಹೀರಾತುಗಳಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಬರಿಯ ನಾರಿನದು, ಅದೂ ನಾರಿನ ಉದ್ದಕ್ಕೆ ಎಳೆದಾಗಿನದು. ಬಳಕೆಯಲ್ಲಿರುವ ಟಿ-300 ದರ್ಜೆಯ ನಾರಿನ ಗುಣಾಂಕ 230 ಗಿಗಾಪಾಸ್ಕಲ್, ಶಕ್ತಿ ಸುಮಾರು 3.5 ಗಿಗಾಪಾಸ್ಕಲ್. ಗಾತ್ರದ ಲೆಕ್ಕದಲ್ಲಿ 60% ನಾರು, 40% ಎಪಾಕ್ಸಿ ಸೇರಿಸಿ ಎಲ್ಲ ನಾರನ್ನೂ ಒಂದೇ ದಿಕ್ಕಿಗೆ ಇಟ್ಟರೆ ಆ ದಿಕ್ಕಿನಲ್ಲಿ ಗುಣಾಂಕ ಸುಮಾರು 140ಕ್ಕೆ ಇಳಿಯುತ್ತದೆ. ಅಡ್ಡದಿಕ್ಕಿನಲ್ಲಿ ಎಂಟು-ಹತ್ತು ಗಿಗಾಪಾಸ್ಕಲ್ ಮಾತ್ರ ಉಳಿಯುತ್ತದೆ. ನಿಜವಾದ ಭಾಗಗಳ ಮೇಲೆ ಬಲ ಹಲವು ಕಡೆಯಿಂದ ಬೀಳುವುದರಿಂದ ಪದರಗಳನ್ನು ಬೇರೆ ಬೇರೆ ಕೋನಗಳಲ್ಲಿ ಜೋಡಿಸಬೇಕಾಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಹಂಚಿದರೆ ಸಿಗುವುದು 50 ಗಿಗಾಪಾಸ್ಕಲ್ ಆಸುಪಾಸು. ಅಲ್ಯೂಮಿನಿಯಂ 70 ಗಿಗಾಪಾಸ್ಕಲ್ ಕೊಡುತ್ತದೆ. ಅದರ ಸಾಂದ್ರತೆ 2.7, ಹೀಗೆ ನಾರು ಮತ್ತು ರಾಳ ಸೇರಿ ಆದ ಕಾಂಪೋಸಿಟ್‌ನದು ಸುಮಾರು 1.55. ತೂಕದಿಂದ ಭಾಗಿಸಿ ನೋಡಿದರೆ ಹೀಗೆ ಹಂಚಿದ ಕಾಂಪೋಸಿಟ್ ಬಿಗಿತದಲ್ಲಿ ಅಲ್ಯೂಮಿನಿಯಂಗಿಂತ ಕಾಲು ಭಾಗದಷ್ಟು ಮೇಲೇ ಹೊರತು ಹತ್ತು ಪಟ್ಟಲ್ಲ.

ಹಾಗಿದ್ದೂ ಬೋಯಿಂಗ್ 787 ವಿಮಾನದ ರಚನೆಯ ತೂಕದಲ್ಲಿ ಸುಮಾರು ಅರ್ಧ, ಏರ್‌ಬಸ್ ಎ350ರಲ್ಲಿ 53% ಕಾಂಪೋಸಿಟ್ ಆಗಿರುವುದಕ್ಕೆ ಬೇರೆ ಕಾರಣಗಳಿವೆ. ಭಾರ ಹೆಚ್ಚು ಬೀಳುವ ದಿಕ್ಕಿಗೆ ಹೆಚ್ಚು ನಾರು ಇಟ್ಟು ಉಳಿದ ಕಡೆ ಕಡಿಮೆ ಮಾಡಬಹುದು, ಮರಳಿ ಮರಳಿ ಬೀಳುವ ಹೊರೆಗೆ ಅದು ಲೋಹಕ್ಕಿಂತ ಚೆನ್ನಾಗಿ ತಾಳುತ್ತದೆ, ತುಕ್ಕು ಹಿಡಿಯುವುದಿಲ್ಲ, ದೊಡ್ಡ ಭಾಗವನ್ನು ರಿವೆಟ್‌ಗಳಿಲ್ಲದೆ ಒಂದೇ ತುಂಡಾಗಿ ಮಾಡಬಹುದು. ಇದಕ್ಕೆಲ್ಲ ತೆರುವ ಬೆಲೆ ದೊಡ್ಡದು. ನಾರನ್ನು ತಯಾರಿಸಲು ಪಾಲಿಅಕ್ರಿಲೋನೈಟ್ರೈಲ್ ಎಳೆಯನ್ನು ಮೊದಲು 200ರಿಂದ 300 °ಸೆ.ಯಲ್ಲಿ ಗಾಳಿಯಲ್ಲಿ, ಆಮೇಲೆ 1000 °ಸೆ.ಗೂ ಮೇಲೆ ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಕಾಯಿಸಬೇಕು.

ಭಾರ ಹೊರುವುದು ನಾರು ಎಂದಮೇಲೆ ರಾಳ ಬರೀ ಅಂಟು ತಾನೇ?

ಅಲ್ಲ. ನಾರಿಗೆ ಭಾರವನ್ನು ತಲುಪಿಸುವುದೇ ರಾಳ, ಅಂದರೆ ಮ್ಯಾಟ್ರಿಕ್ಸ್. ತುಂಡು ನಾರಿನ ಎರಡೂ ತುದಿಗಳಲ್ಲಿ ಪ್ರತಿಬಲ (ಅಡ್ಡಕೊಯ್ತದ ಪ್ರತಿ ಚದರಳತೆ ಹೊರುವ ಬಲ) ಸೊನ್ನೆ. ಒಳಕ್ಕೆ ಸಾಗಿದಂತೆ ನಾರಿನ ಮೈಮೇಲಿನ ಶಿಯರ್, ಅಂದರೆ ಮೈಗುಂಟ ಜಾರಿಸುವಂತೆ ಎಳೆಯುವ ಬಲದ ಮೂಲಕ ಅದು ಏರುತ್ತದೆ. ನಾರು ತನ್ನ ಪೂರ್ತಿ ಶಕ್ತಿಯನ್ನು ತೋರಬೇಕಾದರೆ ಅದಕ್ಕೆ ಒಂದು ಕನಿಷ್ಠ ಉದ್ದ ಬೇಕು. ಕೆಲ್ಲಿ ಮತ್ತು ಟೈಸನ್ 1965ರಲ್ಲಿ ಕೊಟ್ಟ ಸೂತ್ರದ ಪ್ರಕಾರ, 7 ಮೈಕ್ರಾನ್ ವ್ಯಾಸ ಮತ್ತು 3500 ಮೆಗಾಪಾಸ್ಕಲ್ ಶಕ್ತಿಯ ನಾರಿಗೆ, ನಾರು-ರಾಳದ ಅಂಚು 50 ಮೆಗಾಪಾಸ್ಕಲ್ ಶಿಯರ್ ತಾಳಬಲ್ಲದಾದರೆ, ಆ ಉದ್ದ ಸುಮಾರು ಕಾಲು ಮಿಲಿಮೀಟರ್. ಅಂಚಿನ ಹಿಡಿತ ಅರ್ಧಕ್ಕೆ ಇಳಿದರೆ ಬೇಕಾಗುವ ಉದ್ದ ಇಮ್ಮಡಿಯಾಗುತ್ತದೆ. ಗಾಜಿನ ನಾರಿಗೆ ಸಿಲೇನ್ ಲೇಪಿಸುವುದು, ಕಾರ್ಬನ್ ಫೈಬರ್‌ನ ಮೇಲ್ಮೈಯನ್ನು ಆಕ್ಸಿಡೀಕರಿಸಿ ತೆಳುವಾದ ಸೈಜಿಂಗ್ ಕೊಡುವುದು ಈ ಹಿಡಿತಕ್ಕಾಗಿಯೇ. ಆದರೆ ಹಿಡಿತ ಅತಿಯಾದರೂ ತೊಂದರೆ: ಬಿರುಕು ನಾರಿನ ಗುಂಟ ಹೊರಳಿ ಶಕ್ತಿಯನ್ನು ಹೀರಿಕೊಳ್ಳುವ ಬದಲು ನೇರವಾಗಿ ನಾರನ್ನೇ ಸೀಳಿಕೊಂಡು ಹೋಗುತ್ತದೆ.

## ತಯಾರಿಕೆಯ ಬಗ್ಗೆ

ಕರಗಿದ ಪ್ಲಾಸ್ಟಿಕ್ ಅಷ್ಟು ಮಂದವಾಗಿರುವುದೇಕೆ? ಇನ್ನೂ ಬಿಸಿ ಮಾಡಿದರೆ ತೆಳುವಾಗುವುದಿಲ್ಲವೇ?

ಸ್ವಲ್ಪ ತೆಳುವಾಗುತ್ತದೆ, ಆದರೆ ಬೇಕಾದಷ್ಟು ಆಗುವ ಮೊದಲೇ ಪಾಲಿಮರ್ ಕೆಡತೊಡಗುತ್ತದೆ. ಮಂದತೆಯ ಮೂಲ ಕಾರಣ ಸರಪಳಿಗಳು ಸಿಕ್ಕಾದ ನೂಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುವುದು. ಒಂದು ಮಿತಿಗಿಂತ ಉದ್ದದ ಸರಪಳಿಗಳಲ್ಲಿ ಸ್ನಿಗ್ಧತೆಯು (ಹರಿವಿಗೆ ಒಡ್ಡುವ ತಡೆಯು) ಅಣುತೂಕದ 3.4ರ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಸರಪಳಿ ಎರಡರಷ್ಟು ಉದ್ದವಾದರೆ ಸ್ನಿಗ್ಧತೆ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಪ್ರತಿ ಸರಪಳಿಯೂ ಸುತ್ತಲಿನವು ಬಿಟ್ಟ ಕಿರುಗಾಲುವೆಯಲ್ಲಿ ಉದ್ದಕ್ಕೆ ತೆವಳಿಯೇ ಮುಂದೆ ಹೋಗಬೇಕೆಂದು 1971ರಲ್ಲಿ ವಿವರಿಸಿದವರು, ಮುಂದೆ 1991ರ ಭೌತಶಾಸ್ತ್ರದ ನೊಬೆಲ್ ಪಡೆದ ಪಿಯರ್-ಜಿಲ್ ದ ಜೆನ್. ಅವರ ಸರಳ ಲೆಕ್ಕ 3ರ ಘಾತವನ್ನು ಕೊಟ್ಟಿತು, ಉಳಿದ 0.4ಕ್ಕೆ ಕಾರಣ ಹುಡುಕುವುದೇ ಅನೇಕ ವರ್ಷಗಳ ಸಂಶೋಧನೆಯಾಯಿತು.

ಉದ್ಯಮವನ್ನು ಕಾಪಾಡಿರುವುದು ಇನ್ನೊಂದು ಗುಣ: ವೇಗವಾಗಿ ತಳ್ಳಿದಷ್ಟೂ ಸರಪಳಿಗಳು ಹರಿವಿನ ದಿಕ್ಕಿಗೆ ತಿರುಗಿ ಸ್ನಿಗ್ಧತೆ ಇಳಿಯುತ್ತದೆ. ಹಾಗಿದ್ದರೂ ಕರಗಿದ ಥರ್ಮೋಪ್ಲಾಸ್ಟಿಕ್‌ನ ಸ್ನಿಗ್ಧತೆ ನೂರರಿಂದ ಸಾವಿರಾರು ಪಾಸ್ಕಲ್-ಸೆಕೆಂಡ್. ಹಸಿ ಎಪಾಕ್ಸಿ ರಾಳವನ್ನು ಅರ್ಧ ಪಾಸ್ಕಲ್-ಸೆಕೆಂಡ್‌ಗೂ ಕೆಳಗೆ ತರಬಹುದು. ಕೂದಲಿಗಿಂತ ತೆಳುವಾದ ನಾರುಗಳ ಸಂದಿನಲ್ಲಿ ರಾಳ ನುಸುಳಬೇಕಾದಾಗ ಈ ಅಂತರವೇ ನಿರ್ಣಾಯಕ. ಕಾಂಪೋಸಿಟ್ ಲೋಕದಲ್ಲಿ ಥರ್ಮೋಸೆಟ್‌ಗಳು ಇಷ್ಟು ಕಾಲ ಮುಂದಿದ್ದುದಕ್ಕೆ ದೊಡ್ಡ ಕಾರಣ ಇದೇ.

ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಮಾಡಿದ ನಮ್ಮ ಭಾಗ ಪ್ರತಿ ಸಲವೂ ಒಂದೇ ಗೆರೆಯಲ್ಲಿ ಒಡೆಯುತ್ತದೆ. ವಸ್ತು ಕಳಪೆಯೇ?

ವಸ್ತುವನ್ನು ದೂರುವ ಮೊದಲು ಅಚ್ಚಿನ ನಕ್ಷೆಯನ್ನು ನೋಡಿ. ಅಚ್ಚಿನೊಳಗೆ ರಂಧ್ರಕ್ಕಾಗಿ ಇಟ್ಟ ಪಿನ್ನನ್ನು ಬಳಸಿಕೊಂಡು ಹೋದ ಹರಿವು ಆಚೆ ಬದಿಯಲ್ಲಿ ಮತ್ತೆ ಕೂಡುತ್ತದೆ. ಪ್ಲಾಸ್ಟಿಕ್ ಅಚ್ಚಿನೊಳಗೆ ಬರುವ ಬಾಯಿಗಳಾದ ಗೇಟುಗಳು ಎರಡಿದ್ದರೆ ಅವುಗಳಿಂದ ಬಂದ ಹರಿವುಗಳೂ ಎಲ್ಲೋ ಒಂದೆಡೆ ಎದುರಾಗುತ್ತವೆ. ಅಲ್ಲಿ ಉಂಟಾಗುವುದೇ ವೆಲ್ಡ್ ಲೈನ್. ಮುಂಚೂಣಿಗಳು ಆಗಲೇ ತಣಿದಿರುವುದರಿಂದ ಸರಪಳಿಗಳು ಆಚೀಚೆ ದಾಟಿ ಹೆಣೆದುಕೊಳ್ಳಲು ಸಮಯ ಸಿಗುವುದಿಲ್ಲ. ನಾರು ತುಂಬಿದ ಪ್ಲಾಸ್ಟಿಕ್ ಆದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ನಾರುಗಳು ಗೆರೆಯನ್ನು ದಾಟುವ ಬದಲು ಗೆರೆಗೆ ಸಮಾನಾಂತರವಾಗಿ ಮಲಗುತ್ತವೆ, ಆದ್ದರಿಂದ ಆ ಗೆರೆಯಲ್ಲಿ ಬಲವರ್ಧನೆ ಹೆಸರಿಗಷ್ಟೇ ಇರುತ್ತದೆ. ಭಾಗದ ಉಳಿದೆಡೆಯಲ್ಲೂ ನಾರಿನ ದಿಕ್ಕು ಏಕರೂಪವಾಗಿರುವುದಿಲ್ಲ. ಅಚ್ಚಿನ ಗೋಡೆಯ ಹತ್ತಿರ ಅದು ಹರಿವಿನ ದಿಕ್ಕಿಗೂ ನಡುಪದರದಲ್ಲಿ ಹರಿವಿಗೆ ಅಡ್ಡಲಾಗಿಯೂ ಇರುತ್ತದೆ. ತಣಿದ ಮೇಲೆ ಭಾಗ ಸೊಟ್ಟಗಾಗುವುದಕ್ಕೂ ಇದೇ ಮುಖ್ಯ ಕಾರಣ. ಗೇಟಿನ ಜಾಗ ಬದಲಿಸಿ ವೆಲ್ಡ್ ಲೈನನ್ನು ಭಾರ ಬೀಳದ ಕಡೆಗೆ ಸರಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ದುಬಾರಿ ದರ್ಜೆಯ ಪ್ಲಾಸ್ಟಿಕ್ ತರುವುದಕ್ಕಿಂತ ಒಳ್ಳೆಯ ಪರಿಹಾರ.

ಆಟೋಕ್ಲೇವ್ ಇಲ್ಲದೆ ಒಳ್ಳೆಯ ಕಾಂಪೋಸಿಟ್ ಮಾಡಲು ಆಗುವುದೇ ಇಲ್ಲವೇ?

ಆಗುತ್ತದೆ, ಆದರೆ ಆಟೋಕ್ಲೇವ್ ಮಾಡುತ್ತಿದ್ದ ಕೆಲಸವನ್ನು ಬೇರೊಂದು ಉಪಾಯ ಮಾಡಬೇಕು. ಆರೇಳು ವಾತಾವರಣದಷ್ಟು ಒತ್ತಡ ಮತ್ತು 120ರಿಂದ 180 °ಸೆ. ಬಿಸಿ ಕೊಡುವ ಆ ದೊಡ್ಡ ಒತ್ತಡಪಾತ್ರೆಯ ಮುಖ್ಯ ಉಪಯೋಗವೆಂದರೆ, ರಾಳದಲ್ಲಿ ಕರಗಿರುವ ತೇವವು ಆವಿಯಾಗಿ ಗುಳ್ಳೆ ಏಳದಂತೆ ತಡೆಯುವುದು. ರಾಳದೊಳಗಿನ ಒತ್ತಡ ಆವಿಯ ಒತ್ತಡಕ್ಕಿಂತ ಹೆಚ್ಚಿರುವವರೆಗೆ ಗುಳ್ಳೆ ಬೆಳೆಯುವುದಿಲ್ಲ. ಗುಳ್ಳೆಯ ಪ್ರಮಾಣ 4% ಮುಟ್ಟುವವರೆಗೆ, ಪ್ರತಿ 1% ಗುಳ್ಳೆಗೆ ಪದರಗಳ ನಡುವಿನ ಶಿಯರ್ ಶಕ್ತಿ ಸುಮಾರು 7%ರಷ್ಟು ಕುಗ್ಗುತ್ತದೆ ಎಂಬ ಅಂದಾಜು 1970ರ ದಶಕದಿಂದಲೂ ಚಾಲ್ತಿಯಲ್ಲಿದೆ. ವಿಮಾನದ ಮುಖ್ಯ ಭಾಗಗಳಲ್ಲಿ ಒಟ್ಟು ಗುಳ್ಳೆ 1%ಗೂ ಕಡಿಮೆ ಇರಬೇಕೆಂದು ಬಯಸುವುದು ಅದಕ್ಕೇ.

ಆಟೋಕ್ಲೇವ್ ಬಿಟ್ಟು ನಿರ್ವಾತ ಚೀಲ ಮತ್ತು ಓವನ್ ಮಾತ್ರ ಬಳಸಿದರೆ ಒತ್ತಡ ಒಂದು ವಾತಾವರಣವನ್ನು ಮೀರುವುದಿಲ್ಲ. ಆದ್ದರಿಂದ ಇದಕ್ಕೆಂದೇ ತಯಾರಾದ ಪ್ರಿಪ್ರೆಗ್‌ಗಳಲ್ಲಿ, ಅಂದರೆ ಮೊದಲೇ ರಾಳ ಸೇರಿಸಿಟ್ಟ ನಾರಿನ ಹಾಳೆಗಳಲ್ಲಿ, ನಾರಿನ ಹಾಸನ್ನು ರಾಳದಲ್ಲಿ ಪೂರ್ತಿ ತೋಯಿಸದೆ ನಡುವೆ ಒಣ ಹಾದಿಗಳನ್ನು ಬಿಡುತ್ತಾರೆ; ರಾಳ ಹರಿದು ಹಾದಿಗಳನ್ನು ಮುಚ್ಚುವ ಮೊದಲೇ ಗಾಳಿ ಹೊರಹೋಗಬೇಕು. ದೊಡ್ಡ ಹಾಸಿನ ನಡುಭಾಗದಿಂದ ಗಾಳಿ ಅಂಚಿಗೆ ಬರಲು ಗಂಟೆಗಳೇ ಬೇಕಾಗುತ್ತವೆ. ರಾಳದ ತೇವ, ನಿರ್ವಾತದ ಅವಧಿ, ಕಾಯಿಸುವ ವೇಗ ಎಲ್ಲದರ ಶಿಸ್ತನ್ನೂ ಕಾಯ್ದರೆ ಆಟೋಕ್ಲೇವ್‌ನ ಮಟ್ಟವನ್ನೇ ಮುಟ್ಟಬಹುದು.

ದಪ್ಪವಾಗಿ ಮಾಡಿದರೆ ಕಾಂಪೋಸಿಟ್ ಅಷ್ಟೂ ಗಟ್ಟಿಯಾಗುವುದಿಲ್ಲವೇ?

ಕಾಗದದ ಮೇಲೆ ಆಗಬೇಕು. ಕಾರ್ಯಾಗಾರದಲ್ಲಿ ದಪ್ಪವೇ ಹೊಸ ತೊಂದರೆಗಳನ್ನು ತರುತ್ತದೆ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹೊರಡುತ್ತದೆ, ಆದರೆ ಎಪಾಕ್ಸಿಯ ಉಷ್ಣವಾಹಕತೆ ತೀರ ಕಡಿಮೆ. ದಪ್ಪ ತುಂಡಿನ ನಡುಭಾಗ ಓವನ್‌ಗಿಂತಲೂ ಬಿಸಿಯಾಗಿ, ಹೊರಪದರಗಳಿಗಿಂತ ಬೇರೆ ಹೊತ್ತಿನಲ್ಲಿ ಗಟ್ಟಿಯಾಗಿ, ಒಳಗೆ ಪ್ರತಿಬಲವನ್ನು ಉಳಿಸಿಕೊಳ್ಳುತ್ತದೆ. ಪದರಗಳು ಒತ್ತಿ ಕುಳಿತಾಗ ನಾರು ಸುಕ್ಕಾಗುತ್ತದೆ. ಎಳೆತಕ್ಕಿಂತ ಒತ್ತುವ ಬಲಕ್ಕೆ ಈ ಸುಕ್ಕು ಬಹಳ ಅಪಾಯಕಾರಿ, ಏಕೆಂದರೆ ನಾರು ಮೊದಲೇ ಬಾಗಿದ ಜಾಗದಲ್ಲಿ ಮಡಚಿಕೊಂಡು ಮುರಿಯುತ್ತದೆ.

2023ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಟೈಟನ್ ಎಂಬ ಜಲಾಂತರ ನೌಕೆ ಒಳಕ್ಕೆ ಕುಸಿದು ಐವರು ಸತ್ತ ದುರಂತದ ತನಿಖೆಯಲ್ಲಿ ಇದೇ ವಿಷಯ ಮುನ್ನೆಲೆಗೆ ಬಂತು. ಐದು ಇಂಚು ದಪ್ಪದ ಅದರ ಕಾರ್ಬನ್ ಫೈಬರ್ ಒಡಲನ್ನು ಒಂದೊಂದು ಇಂಚಿನ ಐದು ಹಂತಗಳಲ್ಲಿ ಸುತ್ತಿ, ಪ್ರತಿ ಹಂತವನ್ನೂ ಗಟ್ಟಿಮಾಡಿ, ಮೇಲೆ ಕಂಡ ಉಬ್ಬುತಗ್ಗುಗಳನ್ನು ಉಜ್ಜಿ ತೆಗೆದು, ಅಂಟು ಹಾಸಿ ಮುಂದಿನ ಹಂತವನ್ನು ಸುತ್ತಲಾಗಿತ್ತು. ಸುಕ್ಕು, ಗುಳ್ಳೆ, ಅಂಟಿನ ಪದರದಲ್ಲಿ ಪೊಳ್ಳು ಇದ್ದುದನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತಜ್ಞರು ದಾಖಲಿಸಿದರು. ಉಜ್ಜಿದಾಗ ತುಂಡಾದ ನಾರು ಮತ್ತೆ ಕೂಡುವುದಿಲ್ಲ ಎಂಬುದು ಈ ಕ್ಷೇತ್ರದವರಿಗೆ ಹೊಸ ವಿಷಯವೇನಲ್ಲ.

ನಿಮಿಷಗಳಲ್ಲಿ ಗಟ್ಟಿಯಾಗುವ ರಾಳದ ಸುದ್ದಿ ನೋಡಿದೆ. ಓವನ್ನೇ ಬೇಡವಂತೆ, ಹೌದೇ?

ನೀವು ಓದಿದ್ದು ಬಹುಶಃ ಫ್ರಂಟಲ್ ಪಾಲಿಮರೀಕರಣದ ಬಗ್ಗೆ. ರಾಳದ ಒಂದು ತುದಿಯನ್ನು ಕ್ಷಣಕಾಲ ಕಾಯಿಸಿದರೆ ಅಲ್ಲಿ ಕ್ರಿಯೆ ಆರಂಭವಾಗುತ್ತದೆ. ಹೊರಟ ಬಿಸಿಯೇ ಪಕ್ಕದ ರಾಳವನ್ನು ಎಬ್ಬಿಸುತ್ತದೆ. ಹೀಗೆ ಗಟ್ಟಿಯಾಗುವ ಗಡಿಯು ತಾನೇ ತಾನಾಗಿ ಮುಂದೆ ಸಾಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಡೈಸೈಕ್ಲೋಪೆಂಟಾಡೈಈನ್ ಎಂಬ ರಾಳದಿಂದ ಕಾರ್ಬನ್ ಫೈಬರ್ ಫಲಕಗಳನ್ನು ಈ ರೀತಿ ತಯಾರಿಸಿ ತೋರಿಸಿತು. ಗ್ರಬ್ಸ್ ವೇಗವರ್ಧಕವನ್ನು ಬೆರೆಸಿದ ಕೂಡಲೇ ಗಟ್ಟಿಯಾಗಿಬಿಡುತ್ತಿದ್ದ ರಾಳವನ್ನು ಫಾಸ್ಫೈಟ್ ಪ್ರತಿಬಂಧಕದಿಂದ ಗಂಟೆಗಟ್ಟಲೆ ತಡೆಹಿಡಿದದ್ದೇ ಅಲ್ಲಿನ ಜಾಣ್ಮೆ. ತೊಡಕೂ ಇದೆ: ನಾರು ಬಿಸಿಯನ್ನು ಹೀರಿಕೊಳ್ಳುವುದರಿಂದ, ನಾರಿನ ಪಾಲು ಹೆಚ್ಚಿದಂತೆ ಮತ್ತು ಫಲಕ ತೆಳುವಾದಂತೆ ಗಡಿ ನಡುದಾರಿಯಲ್ಲೇ ನಂದಿಹೋಗಬಹುದು. ಎಪಾಕ್ಸಿಗೂ ಈ ಉಪಾಯವನ್ನು ಒಗ್ಗಿಸುವ ಪ್ರಯತ್ನಗಳು ಜೋರಾಗಿ ನಡೆದಿವೆ.

ಥರ್ಮೋಪ್ಲಾಸ್ಟಿಕ್ ಕಾಂಪೋಸಿಟ್‌ಗಳನ್ನು ವೆಲ್ಡ್ ಮಾಡಬಹುದು ಎನ್ನುತ್ತಾರೆ. ಲೋಹದಂತೆಯೇ?

ಹೆಚ್ಚುಕಡಿಮೆ ಹಾಗೆಯೇ. ಎರಡು ಮೈಗಳನ್ನು ಕರಗಿಸಿ ಒತ್ತಿದರೆ ಸರಪಳಿಗಳು ಪರಸ್ಪರ ದಾಟಿ ಹೆಣೆದುಕೊಳ್ಳುತ್ತವೆ. ಕಾಯಿಸಲು ಅಲ್ಟ್ರಾಸೌಂಡ್, ವಿದ್ಯುತ್ ಪ್ರೇರಣೆ, ಅಥವಾ ನಡುವೆ ಹುದುಗಿಸಿದ ಜಾಲರಿಗೆ ವಿದ್ಯುತ್ ಹರಿಸುವ ರೋಧಕ ವಿಧಾನ ಬಳಕೆಯಲ್ಲಿವೆ. ಏರ್‌ಬಸ್ ಎ380ರ ರೆಕ್ಕೆಯ ಮುಂಚೂಣಿ ಭಾಗಗಳನ್ನು ರೋಧಕ ವೆಲ್ಡಿಂಗ್‌ನಿಂದಲೇ ಜೋಡಿಸಲಾಗಿತ್ತು. ಯುರೋಪಿನ ಕ್ಲೀನ್ ಸ್ಕೈ 2 ಯೋಜನೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ವ್ಯಾಸದ ವಿಮಾನದ ಒಡಲಿನ ಮಾದರಿಯೊಂದನ್ನು ಪೂರ್ತಿಯಾಗಿ ಥರ್ಮೋಪ್ಲಾಸ್ಟಿಕ್ ಕಾಂಪೋಸಿಟ್‌ನಿಂದ ಕಟ್ಟಿ, ಮೇಲಿನ ಮತ್ತು ಕೆಳಗಿನ ಅರ್ಧಗಳನ್ನು ಜರ್ಮನಿಯ ಸ್ಟಾಡೆ ಎಂಬಲ್ಲಿ ವೆಲ್ಡ್ ಮಾಡಿದರು. ರಿವೆಟ್‌ಗೆ ರಂಧ್ರ ಕೊರೆಯಬೇಕಿಲ್ಲ ಎಂಬುದು ದೊಡ್ಡ ಲಾಭ. ಕಾಂಪೋಸಿಟ್‌ನಲ್ಲಿ ಪ್ರತಿ ರಂಧ್ರವೂ ಕತ್ತರಿಸಿದ ನಾರುಗಳ ಗುಂಪು. ಕಷ್ಟವಿರುವುದು ತಣಿಸುವಿಕೆಯಲ್ಲಿ. ಪೀಕ್‌ನಂಥ ಪಾಲಿಮರ್ 343 °ಸೆ.ಯಲ್ಲಿ ಕರಗುತ್ತದೆ, ಲೇಸರ್‌ನಿಂದ ಕಾಯಿಸುತ್ತ ಪಟ್ಟಿಗಳನ್ನು ವೇಗವಾಗಿ ಹಾಸಿದರೆ ಅದಕ್ಕೆ ಪೂರ್ತಿ ಸ್ಫಟಿಕವಾಗಲು ಸಮಯ ಸಿಗದೆ ಬಿಗಿತವೂ ದ್ರಾವಕ ತಾಳುವ ಗುಣವೂ ಕುಂದುತ್ತವೆ.

3ಡಿ ಮುದ್ರಿಸಿದ ಭಾಗ ಮೇಲಕ್ಕೆ ಎಳೆದರೆ ಬೇಗ ಒಡೆಯುವುದೇಕೆ?

ಮೇಲಿನ ಪದರ ಬೀಳುವ ಹೊತ್ತಿಗೆ ಕೆಳಗಿನದು ಆಗಲೇ ತಣಿದಿರುತ್ತದೆ, ಎರಡರ ಅಂಚು ಸರಪಳಿಗಳು ಚಲಿಸಬಲ್ಲಷ್ಟು ಬಿಸಿಯಾಗಿರುವುದು ಒಂದೆರಡು ಸೆಕೆಂಡುಗಳು ಮಾತ್ರ. ಮುದ್ರಣದ ಕೋಣೆಯನ್ನೇ ಬಿಸಿಯಾಗಿಡುವುದು, ಮುದ್ರಿಸಿದ ಮೇಲೆ ಭಾಗವನ್ನು ಹದವಾಗಿ ಕಾಯಿಸುವುದು, ಕಡಿಮೆ ಅಣುತೂಕದ ಸರಪಳಿಗಳನ್ನು ಸ್ವಲ್ಪ ಬೆರೆಸುವುದು ಇವೆಲ್ಲ ಸಂಶೋಧಕರು ಪ್ರಯತ್ನಿಸುತ್ತಿರುವ ದಾರಿಗಳು. ನಾರು ಸೇರಿಸಿದ ಫಿಲಮೆಂಟ್ ಮುದ್ರಣದ ಗೆರೆಯ ದಿಕ್ಕಿಗೆ ಬಿಗಿತ ಕೊಡುತ್ತದೆ. ಪದರಗಳ ನಡುವಿನ ಹಿಡಿತಕ್ಕೆ ಅದರಿಂದ ಪ್ರಯೋಜನವಿಲ್ಲ.

## ಗುಣಗಳು ಮತ್ತು ಪರೀಕ್ಷೆ

ಒಂದೇ ಎಪಾಕ್ಸಿಗೆ ಒಂದು ಪ್ರಬಂಧದಲ್ಲಿ ಗಾಜುಸ್ಥಿತಿಯ ತಾಪಮಾನ 125, ಇನ್ನೊಂದರಲ್ಲಿ 145 °ಸೆ. ಎಂದಿದೆ. ಯಾವುದು ಸರಿ?

ಎರಡೂ ಸರಿಯಿರಬಹುದು. ಗಾಜಿನಂತಿದ್ದ ಪಾಲಿಮರ್ ರಬ್ಬರಿನಂತಾಗುವುದು ಮಂಜುಗಡ್ಡೆ ಕರಗಿದ ಹಾಗೆ ಒಂದು ಬಿಂದುವಿನಲ್ಲಿ ನಡೆಯುವುದಿಲ್ಲ, ಒಂದು ವ್ಯಾಪ್ತಿಯಲ್ಲಿ ನಡೆಯುತ್ತದೆ. ಎಷ್ಟು ವೇಗವಾಗಿ ಅಳೆಯುತ್ತೇವೆ ಎಂಬುದರ ಮೇಲೂ ಅದು ನಿಂತಿದೆ. ಡಿಎಸ್‌ಸಿ ಉಪಕರಣ ಉಷ್ಣಧಾರಣೆಯ ಬದಲಾವಣೆಯನ್ನು ನೋಡುತ್ತದೆ. ಡಿಎಂಎ ಉಪಕರಣ ಮಾದರಿಯನ್ನು ಕಂಪಿಸುತ್ತ ಬಿಗಿತವನ್ನು ನೋಡುತ್ತದೆ. ಡಿಎಂಎಯಲ್ಲೇ ಬಿಗಿತ ಕುಸಿಯತೊಡಗುವ ಬಿಂದುವಿಗೂ, ಕಂಪನವನ್ನು ವಸ್ತು ಅತಿ ಹೆಚ್ಚು ತಗ್ಗಿಸುವ ಬಿಂದುವಾದ ಟ್ಯಾನ್ ಡೆಲ್ಟಾ ಶಿಖರಕ್ಕೂ 10ರಿಂದ 25 ಡಿಗ್ರಿ ಅಂತರ ಬರುವುದು ಸಾಮಾನ್ಯ. ರಾಳವನ್ನು ಎಷ್ಟು ಹೊತ್ತು ಗಟ್ಟಿಮಾಡಿದರು, ಮಾದರಿ ಒಣಗಿತ್ತೇ ಎಂಬುದೂ ಸೇರಿಕೊಳ್ಳುತ್ತದೆ: ಎಪಾಕ್ಸಿಗಳು ತಮ್ಮ ತೂಕದ ಕೆಲವು ಪ್ರತಿಶತ ನೀರನ್ನು ಹೀರಿದರೆ ಈ ತಾಪಮಾನ ಹತ್ತಾರು ಡಿಗ್ರಿ ಕೆಳಗಿಳಿಯಬಹುದು. ಅಳತೆಯ ವಿಧಾನ, ಕಾಯಿಸಿದ ವೇಗ ಮತ್ತು ಕಂಪನದ ಆವರ್ತನ ಹೇಳದ ಅಂಕಿಯನ್ನು ನಾನು ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ.

ಹೊರಗೆ ಏನೂ ಕಾಣದಿದ್ದರೂ ಪೆಟ್ಟುಬಿದ್ದ ಫಲಕವನ್ನು ತಿರಸ್ಕರಿಸುವುದೇಕೆ?

ಕಾರ್ಬನ್ ಫೈಬರ್ ಫಲಕದ ಮೇಲೆ ಕೈಯಿಂದ ಜಾರಿದ ಸಲಕರಣೆ ಬಿದ್ದರೆ ಮೇಲ್ಭಾಗದಲ್ಲಿ ಚಿಕ್ಕ ಗುಳಿ ಮಾತ್ರ ಕಾಣಬಹುದು. ಒಳಗೆ ಪದರಗಳು ಬಿಟ್ಟುಕೊಂಡು, ಆಳಕ್ಕೆ ಹೋದಂತೆ ಬಿರುಕು ಹರಡುತ್ತ ಹೋಗಿರುತ್ತದೆ. ಬಿಟ್ಟುಕೊಂಡ ತೆಳು ಪದರಗಳು ಒತ್ತುವ ಬಲಕ್ಕೆ ಸುಲಭವಾಗಿ ಬಾಗುತ್ತವೆ. ಹಾಗಾಗಿಯೇ ನಿಗದಿತ ಪೆಟ್ಟು ಕೊಟ್ಟು, ಆಮೇಲೆ ಒತ್ತಿ ಮುರಿಯುವ ಪರೀಕ್ಷೆಯನ್ನು 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಫಲಕಗಳ ಮೇಲೆ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ7136 ಮತ್ತು ಡಿ7137 ಕ್ರಮಗಳಂತೆ ಮಾಡುತ್ತಾರೆ. ಪದರಗಳ ನಡುವೆ ಥರ್ಮೋಪ್ಲಾಸ್ಟಿಕ್ ಕಣಗಳನ್ನು ಅಥವಾ ನೈಲಾನಿನ ತೆಳು ಪರದೆಯನ್ನು ಇಡುವುದು ಹಳೆಯ ಪರಿಹಾರ. ಹೊಸ ದಾರಿಗಳಲ್ಲಿ ಒಂದು, ಸಾಮಾನ್ಯವಾಗಿ 125 ಮೈಕ್ರಾನ್ ಅಥವಾ ಅದಕ್ಕೂ ದಪ್ಪವಿರುವ ಪದರಗಳನ್ನು ಅದರ ಅರ್ಧಕ್ಕೂ ಕಡಿಮೆ ಮಾಡುವುದು. ಪದರ ತೆಳುವಾದಷ್ಟೂ ಅದರೊಳಗಿನ ರಾಳದ ಬಿರುಕು ಮುಂದುವರಿಯಲು ಬೇಕಾದ ಪ್ರತಿಬಲ ಏರುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡಗಳು ತೆಳು ಕಾರ್ಬನ್ ಪದರಗಳನ್ನು ಗಾಜಿನ ಪದರಗಳ ನಡುವೆ ಇಟ್ಟು, ಒಮ್ಮೆಲೇ ಮುರಿಯದೆ ಹಂತಹಂತವಾಗಿ ಸೋಲುವ ಕಾಂಪೋಸಿಟ್‌ಗಳನ್ನು ಮಾಡಿ ತೋರಿಸಿವೆ.

ಗ್ರಾಫೀನ್ ಸೇರಿಸಿದರೆ ಪ್ಲಾಸ್ಟಿಕ್ ಉಕ್ಕಿನಂತಾಗುತ್ತದೆಯೇ?

ಆಗುವುದಿಲ್ಲ, ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಒಂಟಿ ಗ್ರಾಫೀನ್ ಹಾಳೆಯ ಗುಣಾಂಕ ಸುಮಾರು 1000 ಗಿಗಾಪಾಸ್ಕಲ್ ಎಂದು 2008ರಲ್ಲಿ ಅಳೆಯಲಾಯಿತು. ಎಪಾಕ್ಸಿಗೆ ತೂಕದಲ್ಲಿ 1% ಸೇರಿಸಿದರೆ ಗಾತ್ರದಲ್ಲಿ ಅದು ಸುಮಾರು ಅರ್ಧ ಪ್ರತಿಶತ. ಎಲ್ಲ ಹಾಳೆಗಳೂ ಬಿಡಿಬಿಡಿಯಾಗಿ, ಸುಕ್ಕಿಲ್ಲದೆ, ಒಂದೇ ದಿಕ್ಕಿಗೆ ನಿಂತವು ಎಂದು ಭಾವಿಸಿದರೂ 3 ಗಿಗಾಪಾಸ್ಕಲ್ ಇದ್ದ ಗುಣಾಂಕ 8 ಆಗಬಹುದು. ನಿಜದಲ್ಲಿ ಹಾಳೆಗಳು ಕಟ್ಟುಕಟ್ಟಾಗಿ ಅಂಟಿಕೊಂಡು, ಸುಕ್ಕಾಗಿ, ಎಲ್ಲ ದಿಕ್ಕಿಗೂ ತಿರುಗಿರುತ್ತವೆ. ಸಿಗುವ ಹೆಚ್ಚಳ ಅದರ ಒಂದು ಸಣ್ಣ ಪಾಲು. ಗಂಟುಗಂಟಾಗಿ ಉಳಿದ ಕಣಗಳು ಬಿರುಕಿಗೆ ಬೀಜವಾಗಿ ಶಕ್ತಿಯನ್ನು ಕುಗ್ಗಿಸಿದ ಉದಾಹರಣೆಗಳಿಗೂ ಕೊರತೆಯಿಲ್ಲ.

ಹಾಗೆಂದು ನ್ಯಾನೊ ಕಣಗಳು ನಿಷ್ಪ್ರಯೋಜಕವಲ್ಲ. ಟೊಯೋಟಾದ ಸಂಶೋಧನಾಲಯದವರು ನೈಲಾನ್-6 ಅನ್ನು ಜೇಡಿಮಣ್ಣಿನ ಪದರಗಳ ಒಳಗೇ ಪಾಲಿಮರೀಕರಿಸಿ ಆ ಪದರಗಳನ್ನು ಒಂದೊಂದಾಗಿ ಬಿಡಿಸಿದಾಗ, 5%ಗೂ ಕಡಿಮೆ ಜೇಡಿಯಿಂದ ಗುಣಾಂಕ ಹೆಚ್ಚುಕಡಿಮೆ ಇಮ್ಮಡಿಯಾಗಿ, ಬಿಸಿಗೆ ಬಾಗುವ ತಾಪಮಾನ 65ರಿಂದ 150 °ಸೆ. ಹತ್ತಿರಕ್ಕೆ ಏರಿತು. ಅಲ್ಲಿ ಗೆದ್ದದ್ದು ಕಣಗಳನ್ನು ಬಿಡಿಸಿದ ವಿಧಾನ. ವಿದ್ಯುತ್ ವಾಹಕತೆಯ ವಿಷಯದಲ್ಲಂತೂ ಕಾರ್ಬನ್ ನ್ಯಾನೊಟ್ಯೂಬ್ 0.1%ಗೂ ಕಡಿಮೆಯಿದ್ದರೂ ಸಾಕಾಗಬಹುದು, ಏಕೆಂದರೆ ಅಲ್ಲಿ ಬೇಕಾದದ್ದು ಒಂದಕ್ಕೊಂದು ತಾಗುವ ಹಾದಿ ಮಾತ್ರ.

ಸೆಣಬು, ಅಗಸೆ ನಾರುಗಳು ಗಾಜಿನ ನಾರಿನ ಜಾಗ ತುಂಬಬಲ್ಲವೇ?

ಬಿಗಿತ ಮುಖ್ಯವಾಗಿ ಶಕ್ತಿ ಅಷ್ಟಾಗಿ ಬೇಡದ ಕಡೆ ತುಂಬಬಲ್ಲವು. ಅಗಸೆ ನಾರಿನ ಗುಣಾಂಕ 50ರಿಂದ 70 ಗಿಗಾಪಾಸ್ಕಲ್, ಸಾಂದ್ರತೆ 1.5ರ ಆಸುಪಾಸು, ಗಾಜಿನದು 72 ಮತ್ತು 2.55. ತೂಕಕ್ಕೆ ಹೋಲಿಸಿದರೆ ಅಗಸೆಯೇ ಮೇಲು, ಕಂಪನವನ್ನೂ ಚೆನ್ನಾಗಿ ತಗ್ಗಿಸುತ್ತದೆ. ಕಾರಿನ ಬಾಗಿಲಿನ ಒಳಫಲಕಗಳಲ್ಲಿ ಇಂಥ ನಾರು ಬಹಳ ಕಾಲದಿಂದ ಇದೆ. ಆದರೆ ನಾರು ನೀರು ಕುಡಿದು ಉಬ್ಬುತ್ತದೆ, ಬೆಳೆಯಿಂದ ಬೆಳೆಗೆ ಗುಣ ಬದಲಾಗುತ್ತದೆ, 200 °ಸೆ. ದಾಟಿದರೆ ಕೆಡತೊಡಗುತ್ತದೆ, ಆದ್ದರಿಂದ ಪಾಲಿಪ್ರೊಪಿಲೀನ್‌ನಂಥ ಕಡಿಮೆ ಬಿಸಿಗೆ ಕರಗುವ ಪಾಲಿಮರುಗಳ ಜೊತೆಗೇ ಅದು ಹೊಂದಬೇಕು. ನೀರನ್ನು ಬಯಸುವ ನಾರಿಗೂ ನೀರನ್ನು ಒಲ್ಲದ ಪಾಲಿಪ್ರೊಪಿಲೀನ್‌ಗೂ ನಂಟು ಬೆಸೆಯಲು ಮಾಲೆಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ಸ್ವಲ್ಪ ಸೇರಿಸುವುದು ರೂಢಿ.

## ಈಚಿನ ಸಂಶೋಧನೆ

ವಿಟ್ರಿಮರ್ ಎಂದರೆ ಥರ್ಮೋಸೆಟ್ಟೋ ಥರ್ಮೋಪ್ಲಾಸ್ಟಿಕ್ಕೋ?

ಎರಡರ ನಡುವಿನದು. 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಎಸ್ಟರ್ ಬಂಧಗಳಿರುವ ಎಪಾಕ್ಸಿ ಬಲೆಯೊಂದಕ್ಕೆ ಸತುವಿನ ವೇಗವರ್ಧಕವನ್ನು ಸೇರಿಸಿದರು. ಕಾಯಿಸಿದಾಗ ಬಂಧಗಳು ಜಾಗ ಬದಲಾಯಿಸಿಕೊಳ್ಳುತ್ತವೆ, ಆದರೆ ಒಂದು ಬಿಡುವುದೂ ಇನ್ನೊಂದು ಕಟ್ಟುವುದೂ ಒಟ್ಟಿಗೇ ನಡೆಯುವುದರಿಂದ ಬಂಧಗಳ ಒಟ್ಟು ಸಂಖ್ಯೆ ಹಾಗೆಯೇ ಉಳಿಯುತ್ತದೆ. ಬಲೆ ಕರಗದೆಯೇ ಆಕಾರ ಬದಲಿಸಬಲ್ಲದು. ಸ್ನಿಗ್ಧತೆ ಕರಗಿದ ಗಾಜಿನಲ್ಲಿ ಆಗುವಂತೆ ನಿಧಾನವಾಗಿ ಇಳಿಯುತ್ತದೆ. ಬಿರುಕನ್ನು ಬಿಸಿ ಒತ್ತಿ ಮುಚ್ಚುವುದು, ಗಟ್ಟಿಯಾದ ಫಲಕವನ್ನು ಮತ್ತೆ ಬಾಗಿಸುವುದು, ಹೆಚ್ಚು ಆಲ್ಕೊಹಾಲ್ ಸೇರಿಸಿ ಬಲೆಯನ್ನೇ ಕರಗಿಸಿ ನಾರನ್ನು ಉದ್ದಕ್ಕೆ ಉದ್ದವಾಗಿ ಹೊರತೆಗೆಯುವುದು ಸಾಧ್ಯವಾಗಿವೆ. ಆಮೇಲಿನ ವರ್ಷಗಳಲ್ಲಿ ಡೈಸಲ್ಫೈಡ್, ಇಮೀನ್, ಬೊರೋನಿಕ್ ಎಸ್ಟರ್ ಹೀಗೆ ಹಲವು ಬಂಧಗಳನ್ನು ಪ್ರಯತ್ನಿಸಿದ್ದಾರೆ. ಎಲ್ಲಕ್ಕೂ ಒಂದೇ ಇಕ್ಕಟ್ಟು: ಬಂಧ ಬೇಗ ಬದಲಾದರೆ ಮರುರೂಪಿಸುವುದು ಸುಲಭ, ಆದರೆ ಬಳಕೆಯ ತಾಪಮಾನದಲ್ಲೇ ಭಾರಕ್ಕೆ ವಸ್ತು ನಿಧಾನವಾಗಿ ಹರಿಯತೊಡಗುತ್ತದೆ.

ಹಳೆಯ ಗಾಳಿಯಂತ್ರದ ರೆಕ್ಕೆಗಳನ್ನು ಹೂಳುವ ಚಿತ್ರ ನೋಡಿದೆ. ಇದಕ್ಕೆ ಪರಿಹಾರ ಬಂದಿಲ್ಲವೇ?

ಬರುತ್ತಿದೆ; ಆದರೆ ಹೊಸ ರೆಕ್ಕೆಗಳ ಪರಿಹಾರವೇ ಬೇರೆ, ಆಗಲೇ ತಿರುಗುತ್ತಿರುವ ರೆಕ್ಕೆಗಳದೇ ಬೇರೆ. ಹೊಸದಕ್ಕೆ ರಾಳವನ್ನೇ ಬದಲಿಸಬಹುದು. ಸೀಮೆನ್ಸ್ ಗಮೇಸಾ ಕಂಪನಿ 2022ರಲ್ಲಿ ಜರ್ಮನಿಯ ಕಾಸ್ಕಾಸಿ ಕಡಲ ಗಾಳಿ ಸ್ಥಾವರದಲ್ಲಿ, ಸೌಮ್ಯ ಆಮ್ಲದಲ್ಲಿ ಬಿಡಿಸಬಹುದಾದ ಎಪಾಕ್ಸಿಯ ರೆಕ್ಕೆಗಳನ್ನು ಅಳವಡಿಸಿತು. ಅದೇ ವರ್ಷ ಜೀಬ್ರಾ ಯೋಜನೆಯಲ್ಲಿ 62 ಮೀಟರ್ ಉದ್ದದ ರೆಕ್ಕೆಯನ್ನು ಎಲಿಯಂ ಎಂಬ ದ್ರವರೂಪದ ಥರ್ಮೋಪ್ಲಾಸ್ಟಿಕ್ ರಾಳದಿಂದ ಮಾಡಿದರು. ಅಚ್ಚಿನೊಳಗೇ ಪಾಲಿಮರೀಕರಣ ನಡೆಯುವುದರಿಂದ ಥರ್ಮೋಪ್ಲಾಸ್ಟಿಕ್‌ನ ಮಂದತೆಯ ಸಮಸ್ಯೆ ಅಲ್ಲಿ ತಪ್ಪಿತು. 2024ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ, ಸಸ್ಯಮೂಲದ ಘಟಕಗಳಿಂದ ಮಾಡಿ ಮೆಥನಾಲ್‌ನಿಂದ ಒಡೆಯಬಹುದಾದ ರಾಳದಲ್ಲಿ 9 ಮೀಟರ್ ಮಾದರಿಯೊಂದನ್ನು ತಯಾರಿಸಿತು.

ಹಳೆಯ ರೆಕ್ಕೆಗಳ ಎಪಾಕ್ಸಿಯನ್ನು ಯಾರೂ ಒಡೆಯಲೆಂದು ರೂಪಿಸಿರಲಿಲ್ಲ. ಪುಡಿಮಾಡಿ ತುಂಬುವಸ್ತುವಾಗಿಸುವುದು, ಸಿಮೆಂಟ್ ಗೂಡಿನಲ್ಲಿ ಸುಟ್ಟು ಗಾಜಿನ ಅಂಶವನ್ನು ಸಿಮೆಂಟಿಗೆ ಸೇರಿಸುವುದು ಸದ್ಯದ ದಾರಿಗಳು. ಗಾಳಿಯಿಲ್ಲದೆ ಕಾಯಿಸುವ ಪೈರಾಲಿಸಿಸ್‌ನಲ್ಲಿ ಕಾರ್ಬನ್ ಫೈಬರ್ ತನ್ನ ಶಕ್ತಿಯ ಬಹುಪಾಲು ಉಳಿಸಿಕೊಳ್ಳುತ್ತದೆ, ಗಾಜಿನ ನಾರು ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಅಗ್ಗದ ಗಾಜಿಗೆ ಅಷ್ಟು ಖರ್ಚು ಮಾಡುವವರು ಕಡಿಮೆ. 2023ರಲ್ಲಿ ಡೆನ್ಮಾರ್ಕಿನ ಆರ್ಹೂಸ್ ವಿಶ್ವವಿದ್ಯಾಲಯದ ತಂಡ ರುಥೇನಿಯಂ ವೇಗವರ್ಧಕದಿಂದ ಬಳಕೆಯಲ್ಲಿರುವ ಎಪಾಕ್ಸಿಯ ಇಂಗಾಲ-ಆಮ್ಲಜನಕ ಬಂಧವನ್ನೇ ತುಂಡರಿಸಿ, ನಾರನ್ನೂ ಬಿಸ್ಫಿನಾಲ್-ಎ ಎಂಬ ಮೂಲ ಘಟಕವನ್ನೂ ಮರಳಿ ಪಡೆಯಿತು. ರಸಾಯನಶಾಸ್ತ್ರವಾಗಿ ಅದು ಸೊಗಸಾದ ಕೆಲಸ. ರುಥೇನಿಯಂ ದುಬಾರಿ, ಕ್ರಿಯೆ ನಿಧಾನ ಎಂಬುದು ಉದ್ಯಮದ ದೃಷ್ಟಿಯಲ್ಲಿ ಉಳಿದಿರುವ ಅಡ್ಡಿ.

ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುವ ವಸ್ತುಗಳು ಎಲ್ಲಿಯವರೆಗೆ ಬಂದಿವೆ?

2001ರಲ್ಲಿ ಸ್ಕಾಟ್ ವೈಟ್ ಮತ್ತು ಸಂಗಡಿಗರು ಎಪಾಕ್ಸಿಯೊಳಗೆ ದ್ರವ ತುಂಬಿದ ಸೂಕ್ಷ್ಮ ಗುಳಿಗೆಗಳನ್ನೂ ವೇಗವರ್ಧಕದ ಕಣಗಳನ್ನೂ ಹುದುಗಿಸಿದರು; ಬಿರುಕು ಗುಳಿಗೆಯನ್ನು ಒಡೆದಾಗ ದ್ರವ ಹರಿದು ಗಟ್ಟಿಯಾಗಿ, ಬಿರುಕು ತಡೆಯುವ ಗುಣ 75%ವರೆಗೆ ಮರಳಿ ಬಂತು. ಗುಳಿಗೆ ಒಮ್ಮೆ ಖಾಲಿಯಾದರೆ ಆ ಜಾಗಕ್ಕೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಆಮೇಲಿನವರು ರಕ್ತನಾಳದಂಥ ಕೊಳವೆಜಾಲಗಳ ಕಡೆಗೂ, ಬಿಸಿಗೆ ಮತ್ತೆ ಬೆಸೆದುಕೊಳ್ಳುವ ಬಂಧಗಳ ಕಡೆಗೂ ತಿರುಗಿದರು. ನನ್ನ ಅಂದಾಜಿನಲ್ಲಿ, ಭಾರ ಹೊರುವ ರಚನೆಗಳಿಗಿಂತ ಗೀರು ಮುಚ್ಚುವ ಬಣ್ಣ ಮತ್ತು ಲೇಪನಗಳಲ್ಲಿ ಇದರ ನಿಜವಾದ ಉಪಯೋಗ ಹೆಚ್ಚು.

ಯಂತ್ರಕಲಿಕೆಯಿಂದ ಹೊಸ ಪಾಲಿಮರುಗಳನ್ನು ಕಂಡುಹಿಡಿಯಬಹುದಾದರೆ ಪ್ರಯೋಗಾಲಯದ ಅಗತ್ಯವೇನು?

ಸಣ್ಣ ಅಣುವಿಗೆ ಒಂದು ಸೂತ್ರ ಬರೆದರೆ ಅದು ಯಾವುದೆಂದು ಗೊತ್ತಾಗುತ್ತದೆ. ಪಾಲಿಮರ್ ಹಾಗಲ್ಲ, ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಉದ್ದದ, ಬೇರೆ ಬೇರೆ ಕವಲುಗಳ ಅಸಂಖ್ಯ ಸರಪಳಿಗಳಿರುತ್ತವೆ. ಈ ಅನಿಶ್ಚಿತತೆಯನ್ನು ಕಂಪ್ಯೂಟರಿಗೆ ತಿಳಿಯುವಂತೆ ಬರೆಯಲೆಂದೇ 2019ರಲ್ಲಿ ಬಿಗ್‌ಸ್ಮೈಲ್ಸ್ ಎಂಬ ಸಂಕೇತ ಕ್ರಮವನ್ನು ರೂಪಿಸಲಾಯಿತು. ಜಾರ್ಜಿಯಾ ಟೆಕ್‌ನಲ್ಲಿ ರಂಪಿ ರಾಮ್‌ಪ್ರಸಾದ್ ಅವರ ಗುಂಪು ಬೆಳೆಸಿದ ಪಾಲಿಮರ್ ಜೀನೋಮ್‌ನಂಥ ವ್ಯವಸ್ಥೆಗಳು ಸರಪಳಿಯ ಘಟಕವನ್ನು ನೋಡಿಯೇ ಗಾಜುಸ್ಥಿತಿಯ ತಾಪಮಾನ, ವಿದ್ಯುತ್ ನಿರೋಧಕ ಗುಣ ಮುಂತಾದವನ್ನು ಉಪಯುಕ್ತವಾಗುವ ಮಟ್ಟಿಗೆ ಊಹಿಸುತ್ತವೆ. ಲಕ್ಷಾಂತರ ಅಭ್ಯರ್ಥಿಗಳನ್ನು ಸೋಸಿ ಕೈಗೆಟುಕುವ ಕೆಲವನ್ನು ಆರಿಸಿಕೊಡುವಲ್ಲಿ ಅವು ನಿಜವಾಗಿ ನೆರವಾಗುತ್ತವೆ.

ಆದರೆ ಒಡೆಯದೆ ತಾಳುವ ಗುಣ, ದೀರ್ಘಕಾಲದ ಭಾರಕ್ಕೆ ಹಿಗ್ಗುವ ಗುಣ, ಪದರಗಳ ನಡುವಿನ ಹಿಡಿತ ಇವು ಸರಪಳಿಯ ಸೂತ್ರದಲ್ಲಿ ಅಡಗಿಲ್ಲ. ತಣಿಸಿದ ವೇಗ, ಎಳೆದ ಪ್ರಮಾಣ, ಅಚ್ಚಿನ ಬಿಸಿ, ರಾಳದ ತೇವ ಇವುಗಳ ಜೊತೆಗೇ ಅವು ಬದಲಾಗುತ್ತವೆ, ಮತ್ತು ಪ್ರಕಟವಾದ ಹಳೆಯ ದತ್ತಾಂಶದಲ್ಲಿ ಬಹುಪಾಲು ಈ ವಿವರಗಳಿಲ್ಲದೆಯೇ ಅಂಕಿಗಳು ದಾಖಲಾಗಿವೆ. ಅಂಥ ದತ್ತಾಂಶದಿಂದ ಕಲಿತ ಮಾದರಿಗೆ ಕೈಚೀಲದ ಪಾಲಿಥೀನ್ ಮತ್ತು ಕವಚದ ಪಾಲಿಥೀನ್ ಎರಡೂ ಒಂದೇ ಸಾಲಿನ ಒಂದೇ ವಸ್ತು. ಹಾಗಾಗಿ ಈಗ ಕೆಲವು ಪ್ರಯೋಗಾಲಯಗಳಲ್ಲಿ ರೋಬೋಟ್‌ಗಳೇ ಮಾದರಿಗಳನ್ನು ತಯಾರಿಸಿ, ತಯಾರಿಕೆಯ ಪ್ರತಿ ಹಂತದ ತಾಪಮಾನ, ಒತ್ತಡ ಮತ್ತು ಸಮಯವನ್ನು ಅಳತೆಯ ಫಲಿತಾಂಶದ ಜೊತೆಗೇ ಬರೆದಿಡುವ ವ್ಯವಸ್ಥೆಗಳನ್ನು ಕಟ್ಟುತ್ತಿದ್ದಾರೆ.